ಮೈನಸ್ 20ರಲ್ಲಿ ಕೆರೆಗೆ ಒಂದು ಸುತ್ತು

ಜನವರಿಯ ಒಂದು ಶನಿವಾರ. ಬೆಳಗಿನ ಏಳಕ್ಕೆ ಹತ್ತು ನಿಮಿಷ. ಅಮೆರಿಕದ ಮಿನಿಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ ಇನ್ನೂ ಕತ್ತಲು. ಸೂರ್ಯ ಹುಟ್ಟಲು ಹತ್ತಿರ ಹತ್ತಿರ ಒಂದು ಗಂಟೆಯಿದೆ. ಫೋನು ಮೈನಸ್ 4 ಎನ್ನುತ್ತಿದೆ. ಅದು ಫ್ಯಾರನ್‌ಹೀಟ್. ನಮ್ಮ ಲೆಕ್ಕಕ್ಕೆ ಮೈನಸ್ 20. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಗಾಳಿಯೂ ಸೇರಿ ಮೈಗೆ ತಾಕುವುದು, ಅದೂ ನಮ್ಮ ಲೆಕ್ಕಕ್ಕೆ, ಮೈನಸ್ 30ರಷ್ಟು. ಬೆಂಗಳೂರಿನ ಹವಾಮಾನ ದಾಖಲೆಯಲ್ಲಿ ಅತ್ಯಂತ ಚಳಿಯ ದಿನವೆಂದರೆ 1884ರ ಜನವರಿ 13, ಅಂದು 7.8 ಡಿಗ್ರಿ. ಆ ದಾಖಲೆಗೂ ನಿಮ್ಮ ಬಾಗಿಲಾಚೆಗೂ ಸುಮಾರು 28 ಡಿಗ್ರಿ ಅಂತರ.

ಹಾಸಿಗೆಯಲ್ಲೇ ಇರಲು ಕಾರಣಗಳು ಬೇಕಾದಷ್ಟಿವೆ. ಆದರೆ ನಿನ್ನೆ ರಾತ್ರಿ ವಾಟ್ಸ್ಯಾಪಿನಲ್ಲಿ ಓಟದ ಜೊತೆಗಾರ್ತಿ ಅಕ್ಕ ಒಂದೇ ಸಾಲು ಹಾಕಿದ್ದಾರೆ: ‘ಏಳೂ ನಲವತ್ತಕ್ಕ ಕೆರಿ ಹಂತ್ಯಾಕ.’ ಧಾರವಾಡದವರು. ಈ ಊರಿಗೆ ಬಂದು ಇಪ್ಪತ್ತು ವರ್ಷ ಮೀರಿದೆ. ಅವರು ಹೇಳಿದ ಮೇಲೆ ಬರುತ್ತಾರೆ. ಬಂದ ಮೇಲೆ ಕಾಯಿಸುವಂತಿಲ್ಲ. ಈ ಚಳಿಯಲ್ಲಿ ಒಬ್ಬರನ್ನು ಹತ್ತು ನಿಮಿಷ ನಿಲ್ಲಿಸುವುದು ಸಣ್ಣ ಅಪರಾಧವಲ್ಲ.

ಬಚ್ಚಲುಮನೆಯಲ್ಲಿ ತೆಂಗಿನೆಣ್ಣೆ ಬಾಟಲಿಯೊಳಗೇ ಗಟ್ಟಿಯಾಗಿ ಕೂತಿದೆ. ರಾತ್ರಿಯಿಡೀ ಹೀಟರ್ ಉರಿದರೂ ಮನೆಯೊಳಗೆ 20 ಡಿಗ್ರಿ. 24ಕ್ಕಿಂತ ಕೆಳಗೆ ಎಣ್ಣೆ ಕರಗದು. ನೀವು ಕಪಾಟು ತೆರೆಯುತ್ತೀರಿ. ಕೈ ಅಭ್ಯಾಸಬಲದಿಂದ ಹತ್ತಿಯ ಟೀ ಶರ್ಟಿನತ್ತ ಹೋಗುತ್ತದೆ. ಕಬ್ಬನ್ ಪಾರ್ಕಿನ ಬೆಳಗಿನ ಓಟಕ್ಕೆ ಅದಕ್ಕಿಂತ ಹಿತವಾದ ಬಟ್ಟೆ ಇರಲಿಲ್ಲ. ಇಲ್ಲಿ ಅದಕ್ಕೆ ಕೆಲಸವಿಲ್ಲ. ಹತ್ತಿ ಬೆವರನ್ನು ಕುಡಿದು ತನ್ನಲ್ಲೇ ಇಟ್ಟುಕೊಳ್ಳುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖ ಸಾಗಿಸುವ ವಸ್ತು. ಒದ್ದೆ ಹತ್ತಿಯನ್ನು ಮೈಗೆ ಅಂಟಿಸಿಕೊಂಡು ಮೈನಸ್ 20ರಲ್ಲಿ ನಿಂತರೆ ದೇಹ ಕಷ್ಟಪಟ್ಟು ಹುಟ್ಟಿಸಿದ ಬಿಸಿಯೆಲ್ಲ ಅದರ ಮೂಲಕ ಸೋರಿಹೋಗುತ್ತದೆ.

ಹಾಗಾಗಿ ಮೈಗೆ ತಾಕುವಂತೆ ಮೆರಿನೊ ಉಣ್ಣೆಯ ತೆಳು ಅಂಗಿ. ಅದರ ಮೇಲೆ ಫ್ಲೀಸ್. ಎಲ್ಲದರ ಮೇಲೆ ಗಾಳಿ ತಡೆಯುವ ತೆಳ್ಳನೆಯ ಜಾಕೆಟ್. ಮೊದಲನೆಯದು ಬೆವರನ್ನು ಚರ್ಮದಿಂದ ಎತ್ತಿ ಹೊರಗೆ ದಾಟಿಸಬೇಕು, ಎರಡನೆಯದು ಬಿಸಿಗಾಳಿಯನ್ನು ಹಿಡಿದಿಡಬೇಕು, ಮೂರನೆಯದು ಹೊರಗಿನ ಗಾಳಿಗೆ ಬಾಗಿಲು ಹಾಕಬೇಕು. ಕಾಲಿಗೆ ಇಷ್ಟೆಲ್ಲ ಬೇಡ. ಓಡುವಾಗ ದುಡಿಯುವುದು ಅವೇ, ಬಿಸಿ ಹುಟ್ಟುವುದೂ ಅಲ್ಲೇ. ಒಂದು ಥರ್ಮಲ್, ಮೇಲೊಂದು ಗಾಳಿ ತಡೆಯುವ ಪ್ಯಾಂಟು ಸಾಕು. ಗಂಡಸರಿಗೆ ಮಾತ್ರ ಒಂದು ಕಿವಿಮಾತು. ಮುಂಭಾಗಕ್ಕೆ ಗಾಳಿ ತಡೆಯುವ ಪದರ ಹೊಲಿದ ಒಳ ಉಡುಪು ಇಲ್ಲಿಯ ಕ್ರೀಡಾ ಅಂಗಡಿಗಳಲ್ಲಿ ಸಿಗುತ್ತದೆ. ಅದನ್ನು ನೋಡಿ ನಕ್ಕವರು ಒಮ್ಮೆ ಎದುರುಗಾಳಿಗೆ ಓಡಿ ಬಂದ ಮೇಲೆ ಸದ್ದಿಲ್ಲದೆ ಹೋಗಿ ಕೊಂಡುಕೊಳ್ಳುತ್ತಾರೆ.

ಕೈಗೆ ಐದು ಬೆರಳಿನ ಗ್ಲೌಸ್ ಬೇಡ. ನಾಲ್ಕೂ ಬೆರಳು ಒಂದೇ ಚೀಲದಲ್ಲಿ ಕೂರುವ ಮಿಟನ್ ಬೇಕು; ಒಟ್ಟಿಗಿದ್ದರೆ ಒಂದರ ಬಿಸಿ ಇನ್ನೊಂದಕ್ಕೆ. ತಲೆಗೆ ಅಮ್ಮ ಮೈಸೂರಿನಿಂದ ಕಳಿಸಿದ ಮಂಕಿ ಕ್ಯಾಪ್. ಆಫೀಸಿನವರು ಬಲಕ್ಲಾವ ಎಂಬ ಹೆಸರಿನಲ್ಲಿ ದುಡ್ಡು ಸುರಿದು ತರುವುದು ಇದನ್ನೇ. ಕಿವಿ, ಗದ್ದ, ಕೆನ್ನೆ ಮೂರೂ ಮುಚ್ಚುತ್ತವೆ. ಫೋನು ಫ್ಲೀಸಿನ ಒಳಜೇಬಿಗೆ ಹೋಗಲಿ. ಹೊರಜೇಬಿನಲ್ಲಿಟ್ಟರೆ ಅರ್ಧ ಚಾರ್ಜ್ ಇದ್ದರೂ ಚಳಿಗೆ ಬ್ಯಾಟರಿ ಕೈಕೊಡುತ್ತದೆ, ಅದೂ ಬೇಕಾದ ಹೊತ್ತಿನಲ್ಲೇ. ಹೊರಡುವ ಮುನ್ನ ಎರಡು ಲೋಟ ನೀರು. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೆ ಉಸಿರಿನಲ್ಲಿ ನೀರು ಹೋಗುತ್ತಲೇ ಇರುತ್ತದೆ.

ಗ್ಯಾರೇಜಿನ ಬಾಗಿಲು ಮೇಲೇಳುತ್ತದೆ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಟೈರಿನ ಗಾಳಿ ಕಡಿಮೆಯಾಗಿದೆ ಎಂಬ ಹಳದಿ ದೀಪ. ರಾತ್ರಿಯ ಚಳಿಗೆ ಒಳಗಿನ ಗಾಳಿ ಕುಗ್ಗಿದೆ, ಅಷ್ಟೆ. ನೀವಿರುವ ಉಪನಗರ ಈಡನ್ ಪ್ರೈರಿಯಿಂದ ನಗರದ ಕಡೆ ಹೊರಡುತ್ತೀರಿ. ರಸ್ತೆಯ ಮೇಲೆ ಉಪ್ಪಿನ ಬಿಳಿ ಪೊರೆ ಒಣಗಿ ನಿಂತಿದೆ. ಅದು ಕಳೆದ ವಾರದ್ದು. ಮೈನಸ್ 9ರ ಆಸುಪಾಸು ದಾಟಿದರೆ ಮಾಮೂಲಿ ಉಪ್ಪಿಗೆ ಮಂಜುಗಡ್ಡೆ ಕರಗಿಸುವ ಶಕ್ತಿ ಉಳಿಯುವುದಿಲ್ಲ. ಅದಕ್ಕೇ ಇಂದು ಅಡ್ಡರಸ್ತೆಗಳ ಕೂಡಲಿನಲ್ಲಿ ಹಿಡಿತಕ್ಕಾಗಿ ಮರಳು ಚೆಲ್ಲಿದ್ದಾರೆ. ಉಪ್ಪು ಸುರಿಯುವುದಕ್ಕೆ ಇಲ್ಲಿ ಇನ್ನೊಂದು ತಕರಾರೂ ಇದೆ. ಒಂದು ಟೀ ಚಮಚ ಉಪ್ಪು ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ನೀರನ್ನು ಕೆಡಿಸುತ್ತದೆ ಎಂದು ರಾಜ್ಯದ ಮಾಲಿನ್ಯ ನಿಯಂತ್ರಣ ಸಂಸ್ಥೆ ಪ್ರತಿ ಚಳಿಗಾಲ ಜನರಿಗೆ ನೆನಪಿಸುತ್ತದೆ. ರಸ್ತೆಯ ಉಪ್ಪು ವಸಂತದಲ್ಲಿ ಕರಗಿ ಸೇರುವುದು ನೀವು ಈಗ ಸುತ್ತಲು ಹೊರಟಿರುವ ಕೆರೆಗೇ.

ಕೆರೆಯ ಹೆಸರು ಬ್ಡೆ ಮಕಾ ಸ್ಕಾ. ಬಹುಕಾಲ ಲೇಕ್ ಕ್ಯಾಲ್‌ಹೂನ್ ಎಂದು ಕರೆಸಿಕೊಂಡಿತ್ತು. 2018ರಲ್ಲಿ ರಾಜ್ಯ ಸರ್ಕಾರ ಅದರ ಮೂಲ ಡಕೋಟಾ ಹೆಸರನ್ನು ಮರಳಿಸಿತು. ನಗರದೊಳಗಿನ ಕೆರೆಗಳಲ್ಲಿ ಇದೇ ದೊಡ್ಡದು, 400 ಎಕರೆಗೂ ಮಿಕ್ಕಿ. ಸುತ್ತಲೂ ಸುಮಾರು ಐದು ಕಿಲೋಮೀಟರ್ ದಾರಿ. ನಡೆಯುವವರಿಗೊಂದು, ಸೈಕಲ್ಲಿಗೊಂದು. ನಗರದ ಉದ್ಯಾನ ಮಂಡಳಿ ಹಿಮ ಬಿದ್ದಾಗಲೆಲ್ಲ ಗಾಡಿ ಓಡಿಸಿ ಈ ದಾರಿಗಳನ್ನು ಬಳಿದಿಡುತ್ತದೆ. ಇಲ್ಲಿಯ ಜನ ಚಳಿಗಾಲದಲ್ಲೂ ಹೊರಗೆ ಓಡುತ್ತಾರೆಂದರೆ ಅದರಲ್ಲಿ ಅವರ ಕೆಚ್ಚಿನ ಪಾಲು ಎಷ್ಟೋ ಈ ಗಾಡಿಯ ಪಾಲೂ ಅಷ್ಟೇ.

ದಕ್ಷಿಣ ತುದಿಯ ಥಾಮಸ್ ಬೀಚಿನ ಬಳಿ ಕಾರು ನಿಲ್ಲಿಸುತ್ತೀರಿ. ಅಕ್ಕ ಆಗಲೇ ಬಂದಿದ್ದಾರೆ. ಕಾರಿನ ಹಿಂಬಾಗಿಲು ತೆರೆದು ಅಂಚಿನ ಮೇಲೆ ಕೂತು ಷೂ ಲೇಸು ಬಿಗಿಯುತ್ತಿದ್ದಾರೆ. ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾರೆ.

‘ಏನೋ ತಮ್ಮಾ, ಇಡೀ ಅಂಗಡೀನ ಮೈಮ್ಯಾಲೆ ಹಾಕ್ಕೊಂಡು ಬಂದೀ?’

‘ಮೈನಸ್ ಇಪ್ಪತ್ತು ಅಕ್ಕಾ...’

‘ಇರ್ಲಿ. ಕಾರಿಳದಕೂಡ್ಲೆ ಥಂಡಿ ಹತ್ತಬೇಕು. ಇಲ್ಲೇ ಬೆಚ್ಚಗಿದ್ರ ಮುಂದ ಬೆವರ್ತಿ. ಥಂಡಿಗೆ ಹೆದರಬ್ಯಾಡ, ಹಸಿಗೆ ಹೆದರು. ಆ ಫ್ಲೀಸ್ ತಗದು ಕಾರಿನಾಗ ಒಗಿ, ತೆಳ್ಳಂದು ಹಾಕ್ಕೊ.’

ಅವರ ಲೆಕ್ಕ ಸರಿ. ಓಡುವ ದೇಹ ಸುಮ್ಮನೆ ಕೂತ ದೇಹಕ್ಕಿಂತ ಹತ್ತು ಪಟ್ಟಿನಷ್ಟು ಬಿಸಿ ಹುಟ್ಟಿಸಬಲ್ಲದು; ಸ್ನಾಯುಗಳು ಸುಡುವ ಶಕ್ತಿಯ ಮುಕ್ಕಾಲು ಪಾಲು ಶಾಖವಾಗಿಯೇ ಹೊರಬೀಳುತ್ತದೆ. ಥರ್ಮಾಮೀಟರ್ ತೋರಿಸಿದ್ದಕ್ಕಿಂತ ಹತ್ತು ಡಿಗ್ರಿ ಹೆಚ್ಚಿದೆ ಎಂದುಕೊಂಡು ಬಟ್ಟೆ ಹಾಕು ಎಂಬುದು ಇಲ್ಲಿಯ ಓಟಗಾರರ ಹಳೆಯ ಪಾಠ. ನೀವು ದಪ್ಪ ಫ್ಲೀಸ್ ಕಳಚಿ ಸೀಟಿನ ಮೇಲೆ ಎಸೆದು, ತೆಳುವಾದದ್ದನ್ನು ಹಾಕಿ ಜಾಕೆಟ್ ಏರಿಸುವಷ್ಟರಲ್ಲಿ ಬೆರಳ ತುದಿ ಉರಿಯತೊಡಗುತ್ತದೆ.

ಅಕ್ಕ ತಮ್ಮ ಷೂವನ್ನು ಮೇಲೆತ್ತಿ ಅಡಿ ತೋರಿಸುತ್ತಾರೆ. ಹಳೆಯ ಓಟದ ಷೂ. ಅಟ್ಟೆಯ ಅಂಚಿನುದ್ದಕ್ಕೂ, ಹಿಮ್ಮಡಿಯಲ್ಲೂ ಮುಂಗಾಲಲ್ಲೂ, ಗಿಡ್ಡನೆಯ ಸ್ಕ್ರೂಗಳನ್ನು ತಿರುಗಿಸಿ ಕೂರಿಸಿದ್ದಾರೆ. ತಗಡಿಗೆ ಹೊಡೆಯುವ ಜಾತಿಯವು, ಷಟ್ಕೋನ ತಲೆಯವು. ತಲೆಯ ಏಣು ಹೊರಗೆ ಉಳಿದು ಮಂಜುಗಡ್ಡೆಯನ್ನು ಕಚ್ಚುತ್ತದೆ. ಅರ್ಧ ಇಂಚಿಗೂ ಕಡಿಮೆ ಉದ್ದ. ಅದಕ್ಕಿಂತ ಉದ್ದವಾದರೆ ಅಂಗಾಲಿಗೆ ಚುಚ್ಚೀತು. ಹಾರ್ಡ್‌ವೇರ್ ಅಂಗಡಿಯ ಒಂದು ಪೊಟ್ಟಣದಲ್ಲಿ ಎರಡೂ ಷೂ ಮುಗಿದಿವೆ. ನಿಮ್ಮ ಬಳಿ ಇರುವುದು ಯಾಕ್‌ಟ್ರ್ಯಾಕ್ಸ್, ಷೂ ಮೇಲೆ ಎಳೆದು ಹಾಕುವ ರಬ್ಬರ್ ಬಲೆ, ಅದಕ್ಕೆ ಸುತ್ತಿದ ಸ್ಪ್ರಿಂಗ್ ತಂತಿ. ಮಿಟನ್ ತೆಗೆಯದೆ ಅದನ್ನು ಹಾಕಿಕೊಳ್ಳಲು ಆಗದು, ಮಿಟನ್ ತೆಗೆದರೆ ಬೆರಳು ಮಾತು ಕೇಳದು. ಮನೆಯಲ್ಲೇ ಹಾಕಿಕೊಂಡು ಬರಬೇಕಿತ್ತು ಎಂದು ಅಕ್ಕ ಹೇಳುವುದಿಲ್ಲ. ಅವರ ಮುಖ ಹೇಳುತ್ತದೆ.

‘ಎಡಕ್ಕ ಹೋಗೂಣು. ವಾಯವ್ಯದ ಗಾಳಿ ಐತಿ. ಮೊದಲ ಎದುರಿಗೆ ತಗೋಬೇಕು.’

ಇದಕ್ಕೂ ಕಾರಣವಿದೆ. ಮೈ ಒಣಗಿರುವಾಗ ಗಾಳಿಗೆ ಎದೆಯೊಡ್ಡುವುದು, ಬೆವರಿದ ಮೇಲೆ ಗಾಳಿಯನ್ನು ಬೆನ್ನಿಗೆ ಹಾಕಿಕೊಳ್ಳುವುದು. ಹಿಂದುಮುಂದಾದರೆ ಬೆವರಿದ ಎದೆಯ ಮೇಲೆ ಎದುರುಗಾಳಿ ಬೀಸುತ್ತದೆ. ಪಶ್ಚಿಮ ದಡದಲ್ಲಿ ಉತ್ತರಕ್ಕೆ ಹೋಗಿ, ಮೇಲಿನ ಅಂಚು ದಾಟಿ, ಪೂರ್ವ ದಡದಲ್ಲಿ ಇಳಿದು ಬಂದರೆ ಸುತ್ತು ಮುಗಿಯುತ್ತದೆ.

ಮೊದಲ ನಿಮಿಷ. ಮೂಗಿನೊಳಗೆ ಏನೋ ಚುರುಗುಟ್ಟುತ್ತದೆ. ಒಳಗಿನ ಕೂದಲು ಹೆಪ್ಪುಗಟ್ಟಿ, ಉಸಿರು ಬಿಟ್ಟಾಗ ಸಡಿಲಿ, ಮತ್ತೆ ಹೆಪ್ಪುಗಟ್ಟುತ್ತಿದೆ. ಕಾಲ ಕೆಳಗೆ ಹಿಮ ಕಿರ್ರೆನ್ನುತ್ತದೆ. ಈ ಸದ್ದು ಒಳ್ಳೆಯ ಸುದ್ದಿ. ಮೈನಸ್ 10ಕ್ಕಿಂತ ಚಳಿ ಹೆಚ್ಚಾದಾಗ ತುಳಿದ ಹಿಮದ ಹರಳುಗಳು ಕರಗದೆ ಒಂದಕ್ಕೊಂದು ಉಜ್ಜಿ ಮುರಿಯುತ್ತವೆ, ಸದ್ದು ಅದರದೇ. ಕರಗದಿದ್ದರೆ ಜಾರಿಕೆ ಕಡಿಮೆ. ಊರಿನಿಂದ ಫೋನ್ ಮಾಡುವವರಿಗೆ ಇದನ್ನು ನಂಬಿಸುವುದು ಕಷ್ಟ. ಹೊಸಬರು ಬಿದ್ದು ಮಣಿಕಟ್ಟು ಮುರಿದುಕೊಳ್ಳುವುದು ಮೈನಸ್ 20ರ ದಿನಗಳಿಗಿಂತ ಹೆಚ್ಚಾಗಿ ಸೊನ್ನೆಯ ಆಸುಪಾಸಿನ ‘ಇವತ್ತು ಪರವಾಗಿಲ್ಲ’ ಎನಿಸುವ ದಿನಗಳಲ್ಲಿ. ಅಂದು ಮಧ್ಯಾಹ್ನ ಹಿಮ ಕರಗುತ್ತದೆ, ರಾತ್ರಿ ಮತ್ತೆ ಗಟ್ಟಿಯಾಗುತ್ತದೆ. ಬೆಳಿಗ್ಗೆ ಡಾಂಬರಿನ ಮೇಲೆ ಕಣ್ಣಿಗೆ ಕಾಣದ ಗಾಜಿನ ಪದರ. ಅದರ ಮೇಲೊಂದು ನೀರಿನ ಪೊರೆ.

ಅಕ್ಕನ ಹೆಜ್ಜೆ ಗಮನಿಸಿ. ಗಿಡ್ಡ, ಚುರುಕು. ಪಾದ ಮುಂದಕ್ಕೆ ಚಾಚುವುದಿಲ್ಲ. ಸೊಂಟದ ನೇರ ಕೆಳಗೆ, ಅಂಗಾಲು ಪೂರ್ತಿ ಊರುವಂತೆ ಬೀಳುತ್ತದೆ. ಮೊಣಕೈ ಕೊಂಚ ಅಗಲ. ತಿರುವಿನಲ್ಲಿ ವಾಲುವುದಿಲ್ಲ. ಅವರಿಗೆ ಇಂದು ವೇಗದ ಚಿಂತೆಯಿಲ್ಲ, ಗಡಿಯಾರವೂ ಜಾಕೆಟಿನ ತೋಳಿನೊಳಗಿದೆ.

ಐದನೇ ನಿಮಿಷಕ್ಕೆ ಮರಗಳ ಮರೆ ಮುಗಿದು ಗಾಳಿ ಮುಖಕ್ಕೆ ಸಿಗುತ್ತದೆ. ಇದೇ ಆ ಮೈನಸ್ 30. ವಿಂಡ್ ಚಿಲ್ ಎಂಬ ಈ ಲೆಕ್ಕ ಶುರುವಾದದ್ದು ಅಂಟಾರ್ಕ್ಟಿಕಾದಲ್ಲಿ. 1940ರ ದಶಕದ ಆರಂಭದಲ್ಲಿ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬ ಸಂಶೋಧಕರು ಪ್ಲಾಸ್ಟಿಕ್ ಕೊಳವೆಯಲ್ಲಿ ನೀರು ತುಂಬಿ ಗಾಳಿಗೆ ತೂಗುಹಾಕಿ, ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಅಳೆದರು. ಈಗ ಅಮೆರಿಕ, ಕೆನಡಾ ಬಳಸುವ ಸೂತ್ರ 2001ರದ್ದು. ಅದಕ್ಕಾಗಿ ಟೊರಾಂಟೊದಲ್ಲಿ ಹನ್ನೆರಡು ಮಂದಿ ಸ್ವಯಂಸೇವಕರು ಕೊರೆಯುವ ಗಾಳಿಸುರಂಗದೊಳಗೆ ಟ್ರೆಡ್‌ಮಿಲ್ ಮೇಲೆ ನಡೆದರು. ಅವರ ಕೆನ್ನೆ, ಹಣೆ, ಮೂಗು, ಗದ್ದಗಳಿಂದ ಶಾಖ ಎಷ್ಟು ಬೇಗ ಹೋಗುತ್ತದೆಂದು ಅಳೆದರು. ಮೈನಸ್ 20ರಲ್ಲಿ ಗಂಟೆಗೆ 20 ಕಿಲೋಮೀಟರ್ ಗಾಳಿ ಬೀಸಿದರೆ ಮೈನಸ್ 30. ಇದು ತೆರೆದ ಚರ್ಮದ ಲೆಕ್ಕ, ಕಾರಿನ ಎಂಜಿನ್ನಿನದಲ್ಲ. ಈ ಮಟ್ಟದಲ್ಲಿ ಮುಚ್ಚದ ಕೆನ್ನೆ ಹತ್ತರಿಂದ ಮೂವತ್ತು ನಿಮಿಷದೊಳಗೆ ಹೆಪ್ಪುಗಟ್ಟಬಹುದು. ಅದೇ ಫ್ರಾಸ್ಟ್‌ಬೈಟ್.

ಹಾಗಾಗಿ ಇಲ್ಲಿ ಜೊತೆಗಾರರಿಗೆ ಒಂದು ಕೆಲಸವಿದೆ. ನಾಲ್ಕಾರು ನಿಮಿಷಕ್ಕೊಮ್ಮೆ ಅಕ್ಕ ನಿಮ್ಮ ಕಡೆ ತಿರುಗಿ ಮುಖ ನೋಡುತ್ತಾರೆ, ನೀವು ಅವರದನ್ನು. ಕೆಂಪಗಿದ್ದರೆ, ಉರಿಯುತ್ತಿದ್ದರೆ ಸರಿ, ರಕ್ತ ಹರಿಯುತ್ತಿದೆ. ಉರಿ ನಿಂತು ಜೋಮು ಹಿಡಿದು, ಚರ್ಮ ಮೇಣ ಬಳಿದಂತೆ ಬಿಳಿಚಿಕೊಂಡರೆ ಓಟ ಅಲ್ಲಿಗೇ ಮುಗಿಯಬೇಕು. ನಮ್ಮ ಕಂದುಬಣ್ಣದ ಚರ್ಮದಲ್ಲಿ ಈ ಬಿಳುಪು ಬೂದಿಯಾಗಿ ಕಾಣುತ್ತದೆ, ಬೇಗ ಗೊತ್ತಾಗದು. ಆದ್ದರಿಂದ ಕಣ್ಣಿಗಿಂತ ಜೋಮನ್ನೇ ನಂಬಬೇಕು. ಆಗ ಉಜ್ಜಬಾರದು. ಹಿಮ ತಿಕ್ಕಿದರೆ ಸರಿಹೋಗುತ್ತದೆಂಬುದು ಹಳೆಯ ಮೂಢನಂಬಿಕೆ, ಅದು ಚರ್ಮವನ್ನು ಹರಿಯುತ್ತದೆ. ಒಳಗೆ ಹೋಗಿ 37ರಿಂದ 39 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಬಿಸಿ ಮಾಡಿ, ವೈದ್ಯರನ್ನು ಕಾಣಬೇಕು. ಮತ್ತೆ ಚಳಿಗೆ ಒಡ್ಡುವ ಸಾಧ್ಯತೆ ಇದ್ದರೆ ಬಿಸಿ ಮಾಡಲೂ ಕೂಡದು.

‘ಮೂಗು ಮುಚ್ಚು’ ಎನ್ನುತ್ತಾರೆ ಅಕ್ಕ. ನೀವು ಮಂಕಿ ಕ್ಯಾಪಿನ ಒಳಗೆ ಕತ್ತಿಗೆ ತೊಟ್ಟ ಬಫ್ ಎಂಬ ಬಟ್ಟೆಪಟ್ಟಿಯನ್ನು ಮೇಲೆಳೆಯುತ್ತೀರಿ. ಬಟ್ಟೆಯೊಳಗೆ ಉಸಿರು ಬೆಚ್ಚಗೆ, ತೇವವಾಗಿ ತಿರುಗಿ ಬರುತ್ತದೆ. ಗಂಟಲಿನ ಕೆರೆತ ನಿಲ್ಲುತ್ತದೆ. ಇಂಥ ಚಳಿಗಾಳಿ ಎಳೆದುಕೊಂಡರೆ ಶ್ವಾಸಕೋಶ ಹೆಪ್ಪುಗಟ್ಟದೇ ಎಂದು ಊರಲ್ಲಿ ಕೇಳುತ್ತಾರೆ. ಇಲ್ಲ. ಮೂಗು, ಗಂಟಲು, ಶ್ವಾಸನಾಳ ದಾಟಿ ಕೆಳಗಿಳಿಯುವಷ್ಟರಲ್ಲಿ ಗಾಳಿ ಮೈಬಿಸಿಗೆ ಬಂದಿರುತ್ತದೆ. ತೊಂದರೆ ಇರುವುದು ಒಣತನದಲ್ಲಿ. ಮೈನಸ್ 20ರ ಗಾಳಿಯಲ್ಲಿ ಘನಮೀಟರಿಗೆ ಒಂದು ಗ್ರಾಂ ಆಸುಪಾಸು ನೀರಾವಿ ಇದ್ದರೆ ಹೆಚ್ಚು. ಶ್ವಾಸಕೋಶದ ಗಾಳಿಯಲ್ಲಿ 44 ಗ್ರಾಂ ಇರಬೇಕು. ಉಳಿದದ್ದನ್ನು ಶ್ವಾಸನಾಳದ ಒಳಪೊರೆ ಕೊಡಬೇಕು. ಅದು ಒಣಗಿ ಕೆರಳಿದಾಗ ಕೆಮ್ಮು, ಆಸ್ತಮಾ ಇದ್ದವರಿಗೆ ಎದೆ ಬಿಗಿತ. ಅಂಥವರು ಇನ್ಹೇಲರ್ ಜೇಬಿನಲ್ಲಿಟ್ಟುಕೊಂಡು, ವೈದ್ಯರನ್ನು ಕೇಳಿಯೇ ಈ ದಾರಿಗೆ ಬರಬೇಕು.

ಅಷ್ಟರಲ್ಲಿ ಕೆರೆಯಾಚೆ ಬೆಳಕು. ನೀವು ಪಶ್ಚಿಮ ದಡದ ನಡುವಿನಲ್ಲಿದ್ದೀರಿ. ಎದುರಿಗೆ ಚಪ್ಪಟೆ ಬಿಳಿ ಬಯಲು, ಅದರಾಚೆ ಈಶಾನ್ಯಕ್ಕೆ ನಗರದ ಎತ್ತರದ ಕಟ್ಟಡಗಳು, ಪ್ರತಿ ಕಟ್ಟಡದ ನೆತ್ತಿಯಿಂದಲೂ ಬಿಳಿ ಹಬೆ. ಸೂರ್ಯ ಮೇಲೆ ಬರುತ್ತಾನೆ. ಅವನ ಎಡಕ್ಕೊಂದು ಬಲಕ್ಕೊಂದು ಬಣ್ಣದ ಚುಕ್ಕಿ ಹೊಳೆಯುತ್ತವೆ. ಗಾಳಿಯಲ್ಲಿ ತೇಲುವ ಮಂಜಿನ ಹರಳುಗಳಲ್ಲಿ ಬೆಳಕು ಬಾಗಿ ಮೂಡಿದ ಪೊಳ್ಳು ಸೂರ್ಯರು. ಕೆರೆಯೊಳಗಿಂದ ಗುಡುಗಿನಂಥ ಸದ್ದು ಬರುತ್ತದೆ, ಈ ದಡದಲ್ಲಿ ಹುಟ್ಟಿ ಆ ದಡಕ್ಕೆ ಓಡುತ್ತದೆ. ನೀವು ನಿಲ್ಲುತ್ತೀರಿ.

‘ಅದೇನೂ ಆಗೂದಿಲ್ಲ, ನಡಿ. ಬಿಸಲು ಬಿತ್ತಲ್ಲ, ಬರ್ಫು ಮೈ ಮುರೀತೈತಿ.’

ಉಷ್ಣಾಂಶ ಬದಲಾದಾಗ ಮಂಜುಗಡ್ಡೆ ಹಿಗ್ಗಿ ಕುಗ್ಗಿ ಬಿರುಕು ಬಿಡುವ ಸದ್ದದು. ಬಯಲಿನ ನಡುವೆ ಮೂರು ಜನ ಬಕೆಟ್ ಬೋರಲು ಹಾಕಿ ಕೂತು, ಕೊರೆದ ತೂತಿನಲ್ಲಿ ಗಾಳದ ದಾರ ಇಳಿಬಿಟ್ಟಿದ್ದಾರೆ. ಅವರ ಕೆಳಗೆ 25 ಮೀಟರಿಗೂ ಆಳದ ನೀರಿದೆ. ನೀರು ಅತ್ಯಂತ ಭಾರವಾಗುವುದು 4 ಡಿಗ್ರಿಯಲ್ಲಿ. ಆ ನೀರು ತಳಕ್ಕಿಳಿದು ನಿಲ್ಲುತ್ತದೆ, ಮೇಲಿನದು ಹೆಪ್ಪುಗಟ್ಟಿ ಮುಚ್ಚಳವಾಗುತ್ತದೆ, ಮೀನು ಬದುಕುತ್ತದೆ. ಮನುಷ್ಯರು ನಡೆಯಲು ಹೊಸ, ಗಟ್ಟಿ, ಸ್ವಚ್ಛ ಮಂಜುಗಡ್ಡೆ ಕನಿಷ್ಠ ನಾಲ್ಕು ಇಂಚು ಇರಬೇಕೆನ್ನುತ್ತದೆ ಮಿನಿಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ. ಅದರ ಜೊತೆಗೇ ಯಾವ ಮಂಜುಗಡ್ಡೆಯೂ ನೂರಕ್ಕೆ ನೂರು ಸುರಕ್ಷಿತವಲ್ಲ ಎಂದೂ ಹೇಳುತ್ತದೆ. ಮೀನುಗಾರರು ಕೊರೆದು ಅಳೆದು ಕೂತವರು. ನೀವು ಅಳೆದಿಲ್ಲ, ದಾರಿ ಬಿಡಬೇಡಿ.

ಉತ್ತರದ ಅಂಚು. ಗಾಳಿ ಈಗ ಎಡಗೆನ್ನೆಗೆ. ರೆಪ್ಪೆಗಳ ಮೇಲೆ ಉಸಿರಿನ ಹಬೆ ಕೂತು ಬಿಳಿಯಾಗಿದೆ, ಕಣ್ಣು ಮುಚ್ಚಿ ತೆರೆದಾಗ ಒಂದಕ್ಕೊಂದು ಅಂಟುತ್ತವೆ. ಅಕ್ಕನ ಹಣೆಯ ಮುಂಗುರುಳು ಬೆಳ್ಳಗಾಗಿದೆ. ಎದುರಿನಿಂದ ದಪ್ಪ ಟೈರಿನ ಸೈಕಲ್ಲಿನವನೊಬ್ಬ ಬರುತ್ತಾನೆ, ಅವನ ಗಡ್ಡದ ತುಂಬ ಮಂಜಿನ ಮಣಿ. ಹಿಂದೆಯೇ ನಾಯಿ ಹಿಡಿದು ಬಂದ ಮುದುಕಿ. ನಾಯಿಯ ನಾಲ್ಕೂ ಕಾಲಿಗೆ ಷೂ. ಎಲ್ಲರೂ ತಲೆಯಾಡಿಸುತ್ತಾರೆ. ಮಾತಾಡಲು ಯಾರೂ ನಿಲ್ಲುವುದಿಲ್ಲ.

ಲೇಕ್ ಸ್ಟ್ರೀಟಿನ ಬಳಿ, ಈ ಕೆರೆಯನ್ನು ಪಕ್ಕದ ಲೇಕ್ ಆಫ್ ದಿ ಐಲ್ಸ್‌ಗೆ ಸೇರಿಸುವ ಕಾಲುವೆ ಬರುತ್ತದೆ. ಸೇತುವೆಯ ಕೆಳಗಿನ ಮಂಜುಗಡ್ಡೆ ಬೂದುಬಣ್ಣಕ್ಕಿದೆ. ಅಕ್ಕ ಕೈಯಡ್ಡ ಮಾಡಿ ತೋರಿಸುತ್ತಾರೆ: ‘ನೀರು ಹರ್ಯೂ ಕಡೆ ಬರ್ಫು ತೆಳ್ಳಗಿರ್ತೈತಿ. ಮಕ್ಕಳನ್ನ ಕರ್ಕೊಂಡು ಬಂದಾಗ ಈ ಜಾಗಾ ನೆನಪಿಡು.’ ದಾರಿಯ ಮೇಲೂ ಇಲ್ಲಿ ಹಳೆಯ ನೀರು ಹರಿದು ಗಟ್ಟಿಯಾದ ನಾಲ್ಕು ಮಾರು ಗಾಜು. ಅಕ್ಕನ ಸ್ಕ್ರೂಗಳು ಕಟಕಟ ಎಂದು ದಾಟುತ್ತವೆ. ನಿಮ್ಮ ತಂತಿಬಲೆ ಒಂದು ಕ್ಷಣ ಅನುಮಾನಿಸುತ್ತದೆ. ನೀವು ಓಟ ಬಿಟ್ಟು, ಮೊಣಕಾಲು ಸಡಿಲಿಸಿ, ಅಂಗಾಲು ಚಪ್ಪಟೆಯಾಗಿ ಊರಿ, ಬಾತುಕೋಳಿ ನಡಿಗೆಯಲ್ಲಿ ದಾಟುತ್ತೀರಿ. ಇದರಲ್ಲಿ ಅವಮಾನವೇನಿಲ್ಲ, ಕೈಯನ್ನು ಜೇಬಿನಲ್ಲಿಟ್ಟು ದಾಟುವುದಷ್ಟೇ ತಪ್ಪು.

ಪೂರ್ವ ದಡಕ್ಕೆ ತಿರುಗಿದ್ದೇ ತಡ, ಗಾಳಿ ಸತ್ತಂತಾಗುತ್ತದೆ. ಸತ್ತಿಲ್ಲ, ಬೆನ್ನಿಗೆ ಬಂದಿದೆ, ನಿಮ್ಮ ಜೊತೆಗೇ ಓಡುತ್ತಿದೆ. ಮುಖಕ್ಕೆ ಬಿಸಿಲು. ಮೈ ಹಗುರ. ಕಾಲುಗಳು ತಾವಾಗಿಯೇ ವೇಗ ಹೆಚ್ಚಿಸುತ್ತವೆ. ಎದೆಯ ಮೇಲೆ ಮೊದಲ ಬೆವರ ಹನಿ ಇಳಿದದ್ದು ಗೊತ್ತಾಗುತ್ತದೆ.

‘ಜಿಪ್ ಇಳಸು! ಸಾವಕಾಶ!’

ಇಡೀ ಸುತ್ತಿನಲ್ಲಿ ಅಕ್ಕನ ದನಿ ಏರಿದ್ದು ಇಲ್ಲೇ. ಎದುರುಗಾಳಿಯಲ್ಲಿ ಎಲ್ಲರೂ ಹುಷಾರಾಗಿರುತ್ತಾರೆ. ಆರಾಮೆನಿಸಿದ ಮೇಲೆ ಬೆವರುತ್ತಾರೆ, ಬೆವರಿದ ಮೇಲೆ ಕಾಲು ಉಳುಕಿಯೋ ಸುಸ್ತಾಗಿಯೋ ನಿಂತರೆ ಐದೇ ನಿಮಿಷದಲ್ಲಿ ನಡುಕ ಹಿಡಿಯುತ್ತದೆ. ಚಳಿಯಲ್ಲಿ ಕೆಟ್ಟವರ ಕಥೆಗಳಲ್ಲಿ ಬಹುಪಾಲು ಹೀಗೇ: ಓಡುವಾಗ ಅಲ್ಲ, ಒದ್ದೆಯಾಗಿ ನಿಂತಾಗ. ನೀವು ಜಾಕೆಟ್ಟಿನ ಜಿಪ್ಪನ್ನು ಎದೆಯವರೆಗೆ ಇಳಿಸಿ, ಮಂಕಿ ಕ್ಯಾಪನ್ನು ಹಣೆಗೆ ಸರಿಸಿ, ಮಾತಾಡಿಕೊಂಡು ಓಡಬಹುದಾದ ವೇಗಕ್ಕೆ ಇಳಿಯುತ್ತೀರಿ.

ಥಾಮಸ್ ಬೀಚ್. ಕಾರು. ಇಲ್ಲಿ ಮೈ ಸಡಿಲಿಸುತ್ತ ನಿಲ್ಲುವ ಸಂಪ್ರದಾಯವಿಲ್ಲ. ನೇರ ಕಾರಿನೊಳಗೆ ಕೂತು, ಬಾಗಿಲು ಹಾಕಿ, ಒದ್ದೆ ಅಂಗಿ ಕಳಚಿ ಒಣ ಅಂಗಿ, ಒಣ ಟೋಪಿ ಹಾಕಿಕೊಳ್ಳಬೇಕು, ಉಳಿದದ್ದೆಲ್ಲ ಆಮೇಲೆ. ಬೆರಳುಗಳಿಗೆ ರಕ್ತ ಮರಳಿದಾಗ ಸೂಜಿ ಚುಚ್ಚಿದ ನೋವು, ಕಣ್ಣಲ್ಲಿ ನೀರು. ಎರಡು ನಿಮಿಷದಲ್ಲಿ ಹೋಗುತ್ತದೆ. ಅಕ್ಕ ಫ್ಲಾಸ್ಕ್ ತೆರೆದು ಶುಂಠಿ ಚಹಾ ಬಗ್ಗಿಸುತ್ತಾರೆ, ಡಬ್ಬಿಯಿಂದ ಸಂಕ್ರಾಂತಿಯ ಎಳ್ಳು ಬೆಲ್ಲ ಕೊಡುತ್ತಾರೆ. ಈ ಊರಿನಲ್ಲಿ ಅವರ ಮೊದಲ ಚಳಿಗಾಲವೆಲ್ಲ ಕಿಟಕಿ ಮುಂದೆ ಕೂತು ಕಳೆದುಹೋಯಿತಂತೆ.

‘ಮಾರ್ಚಿನ್ಯಾಗ ಡಾಕ್ಟರು ರಕ್ತ ನೋಡಿ, ವಿಟಮಿನ್ ಡಿ ನೆಲಾ ಹಿಡದೈತಿ ಅಂದ್ರು. ಹೊರಗ ಓಡಿದ್ರ ಅದು ಬರತೈತಿ ಅಂತ ತಿಳ್ಕೋಬ್ಯಾಡ. ಅದಕ್ಕ ಗುಳಿಗಿನ ಬೇಕು. ಓಟ ಮನಸಿಗೆ.’

ಅದೂ ನಿಜ. 45 ಡಿಗ್ರಿ ಉತ್ತರ ಅಕ್ಷಾಂಶದ ಈ ಊರಿನಲ್ಲಿ ನಡುಚಳಿಗಾಲದ ಸೂರ್ಯ ತೀರಾ ತಗ್ಗಿನಲ್ಲಿ ಸಾಗುತ್ತಾನೆ. ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸುವ ಕಿರಣ ನೆಲಕ್ಕೆ ತಲುಪುವುದೇ ಇಲ್ಲವೆನ್ನುವಷ್ಟು. ನಮ್ಮ ಚರ್ಮಕ್ಕೆ ಅದು ಇನ್ನೂ ಹೆಚ್ಚು ಬೇಕು. ಆದರೆ ಬೆಳಗಿನ ಬೆಳಕು ಕಣ್ಣಿಗೆ ಬೀಳುವುದು ಬೇರೆಯೇ ಲಾಭ. ನಿದ್ದೆ, ಎಚ್ಚರ, ಮನಸ್ಸಿನ ಹದ ಅದನ್ನು ನಂಬಿಕೊಂಡಿವೆ.

ಹಾಗೆಂದು ಪ್ರತಿದಿನ ಓಡುವುದು ಶೌರ್ಯವಲ್ಲ. 2019ರ ಜನವರಿ 30ರಂದು ಇದೇ ನಗರದಲ್ಲಿ ಉಷ್ಣಾಂಶ ಮೈನಸ್ 33ಕ್ಕೆ ಇಳಿಯಿತು, ಗಾಳಿ ಸೇರಿದರೆ ಮೈನಸ್ 48ರ ಸುಮಾರು. ಶಾಲೆಗಳು ಮುಚ್ಚಿದವು, ಅಂಚೆ ಇಲಾಖೆಯೇ ಮಿನಿಸೋಟದಲ್ಲಿ ಅಂದು ಬಟವಾಡೆ ನಿಲ್ಲಿಸಿತು. ಅಂಥ ದಿನಕ್ಕೆ ಇಲ್ಲಿ ಬೇರೆ ದಾರಿಗಳಿವೆ. ನಗರದ ನಡುವೆ ಕಟ್ಟಡದಿಂದ ಕಟ್ಟಡಕ್ಕೆ ಎರಡನೇ ಮಹಡಿಯಲ್ಲಿ ಸೇತುವೆ ಹಾಕಿರುವ ಸ್ಕೈವೇ, ಸುಮಾರು 15 ಕಿಲೋಮೀಟರ್ ಉದ್ದ, 1962ರಿಂದ ಬೆಳೆದದ್ದು. ಬ್ಲೂಮಿಂಗ್ಟನ್ನಿನ ಮಾಲ್ ಆಫ್ ಅಮೆರಿಕದೊಳಗೆ ಅಂಗಡಿ ತೆರೆಯುವ ಮೊದಲೇ ಹಿರಿಯರು ಬಿರಬಿರನೆ ಸುತ್ತು ಹಾಕುತ್ತಾರೆ; ಊರಿನಿಂದ ಬಂದ ಅಪ್ಪ ಅಮ್ಮಂದಿರಿಗೆ ಅದೇ ಸರಿ.

ಮನೆ ಮುಂದಿನ ಹಿಮ ಎತ್ತುವುದೂ ವ್ಯಾಯಾಮವೇ, ಕಾನೂನೂ ಹೌದು. ಹಿಮ ನಿಂತ 24 ಗಂಟೆಯೊಳಗೆ ಮನೆಯವರು ಕಾಲುದಾರಿ ಬಳಿಯಬೇಕೆಂದು ಮಿನಿಯಾಪೊಲಿಸ್ ನಗರದ ನಿಯಮ. ಆದರೆ ಇದನ್ನು ಓಟಕ್ಕಿಂತ ಹಗುರವೆಂದು ತಿಳಿಯಬೇಡಿ. ಚಳಿಗೆ ರಕ್ತನಾಳ ಬಿಗಿದಿರುತ್ತವೆ, ರಕ್ತದೊತ್ತಡ ಏರಿರುತ್ತದೆ, ಉಸಿರು ಕಟ್ಟಿ ಸಲಿಕೆ ಎತ್ತಿದರೆ ಹೃದಯಕ್ಕೆ ಒಮ್ಮೆಲೇ ಹೊರೆ. ವರ್ಷವಿಡೀ ಕೂತು ಕೆಲಸ ಮಾಡಿದ ನಲವತ್ತೈದು ದಾಟಿದವರು ಹಿಮ ಎತ್ತುವಾಗ ಕುಸಿಯುವುದು ಪ್ರತಿ ಚಳಿಗಾಲದ ಸುದ್ದಿ. ಎತ್ತಿ ಎಸೆಯುವ ಬದಲು ತಳ್ಳಿ, ಸ್ವಲ್ಪ ಸ್ವಲ್ಪ ಮಾಡಿ, ಎದೆಯಲ್ಲಿ ಭಾರವೆನಿಸಿದರೆ ಸಲಿಕೆ ಬಿಟ್ಟು ಒಳಗೆ ಹೋಗಿ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ.

ಚಳಿನಾಡಿಗೆ ಹೊಸದಾಗಿ ಬಂದ ಕನ್ನಡಿಗರಿಗೆ, ಮಕ್ಕಳನ್ನು ಅಲ್ಲಿಗೆ ಕಳಿಸುತ್ತಿರುವ ತಂದೆತಾಯಿಗೆ ಹೇಳಬೇಕಾದದ್ದು ಇಷ್ಟೇ. ಐದು ತಿಂಗಳು ಮನೆಯೊಳಗೆ ಕೂರುವುದು ಚಳಿಗಿಂತ ಕೆಟ್ಟದ್ದು. ದುಬಾರಿ ಕೋಟು ಕೊಳ್ಳುವ ಮೊದಲು ಒಂದು ಉಣ್ಣೆಯ ಒಳಂಗಿ, ಗಾಳಿ ತಡೆಯುವ ತೆಳು ಜಾಕೆಟ್, ಮಿಟನ್, ಷೂವಿಗೆ ಹಿಡಿತ ಇಷ್ಟನ್ನು ಮೊದಲ ಹಿಮ ಬೀಳುವ ಮುನ್ನವೇ ಹೊಂದಿಸಿಕೊಳ್ಳಿ. ಫೋನಿನಲ್ಲಿ ಉಷ್ಣಾಂಶದ ಜೊತೆ ಗಾಳಿಯನ್ನೂ ನೋಡಿ. ವಿಂಡ್ ಚಿಲ್ ಮೈನಸ್ 27ರ ಕೆಳಗಿಳಿದರೆ ಓಟ ಮೊಟಕು ಮಾಡಿ, ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟ ದಿನ ಒಳಗೇ ನಡೆಯಿರಿ. ಒಬ್ಬರೇ ಹೋಗಬೇಡಿ, ಹೋಗಲೇಬೇಕಾದರೆ ಯಾವ ದಾರಿ, ಎಷ್ಟು ಹೊತ್ತು ಎಂದು ಮನೆಯಲ್ಲಿ ಹೇಳಿ ಹೊರಡಿ. ಬಂದ ಕೂಡಲೇ, ಫೋಟೊ ಹಾಕುವ ಮೊದಲು, ಅಂಗಿ ಬದಲಿಸಿ.